ವಸಡಿನ ಉರಿಯೂತ, ಒಮೆಗಾ-3 ಮತ್ತು ಉಳಿದ ಕೊಬ್ಬಿನಾಮ್ಲಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ವಸಡಿನ ಚಿಕಿತ್ಸೆ ಮಾಡುವ ಹಲ್ಲಿನ ಡಾಕ್ಟರ್. ಮೀನೆಣ್ಣೆ ಕ್ಯಾಪ್ಸೂಲ್, ಅಗಸೆ ಬೀಜ, ಆಯಿಲ್ ಪುಲ್ಲಿಂಗ್ (ಎಣ್ಣೆಯಿಂದ ಬಾಯಿ ಮುಕ್ಕಳಿಸುವುದು) ಬಗ್ಗೆ ಕ್ಲಿನಿಕ್‌ಗೆ ಬಂದವರು ಕೇಳುತ್ತಲೇ ಇರುತ್ತಾರೆ. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಹಲ್ಲುಜ್ಜುವಾಗ ರಕ್ತ ಬರುತ್ತೆ. ಬ್ರಷ್ ಗಟ್ಟಿಯಾಯ್ತಾ?

ಬಹಳ ಸಲ ಅದು ಬ್ರಷ್‌ನ ತಪ್ಪಲ್ಲ. ಆರೋಗ್ಯವಾಗಿರುವ ವಸಡಿನಿಂದ ಮಾಮೂಲಾಗಿ ಉಜ್ಜಿದರೆ ರಕ್ತ ಬರುವುದಿಲ್ಲ. ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾದ ಮೆತ್ತನೆ ಪದರ ಕೂತಾಗ ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. 1965ರಲ್ಲಿ ಹರಾಲ್ಡ್ ಲೋ ಎಂಬ ದಂತವಿಜ್ಞಾನಿ ಮತ್ತು ಅವರ ಜೊತೆಯವರು ಆರೋಗ್ಯವಾಗಿದ್ದ ಕೆಲವರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಿ ಅಂದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು.

ಅಂದರೆ ಈ ಹಂತದಲ್ಲಿ ಪೂರ್ತಿ ವಾಪಸ್ ಬರಬಹುದು. ರಕ್ತ ಕಂಡ ಜಾಗವನ್ನು ಹೆದರಿ ಬಿಟ್ಟುಬಿಡುತ್ತಾರೆ ಜನ. ಅಲ್ಲೇ ಜಾಸ್ತಿ ಗಮನ ಕೊಟ್ಟು, ಮೆತ್ತನೆ ಬ್ರಷ್‌ನಿಂದ ನಿಧಾನವಾಗಿ ಉಜ್ಜಬೇಕು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ, ಗರ್ಭಿಣಿಯರಿಗೆ ರಕ್ತ ಸ್ವಲ್ಪ ಬೇಗ ಬರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಉಲ್ಟಾ: ಒಳಗೆ ಕಾಯಿಲೆ ಇದ್ದರೂ ರಕ್ತ ಕಡಿಮೆ ಬರುತ್ತದೆ, ಆದ್ದರಿಂದ ಅವರಿಗೆ ಗೊತ್ತಾಗುವುದೇ ತಡ.

ಬರೀ ಊತ ಇದೆಯಾ, ಮೂಳೆಯೂ ಹೋಗಿದೆಯಾ ಅಂತ ಹೇಗೆ ನೋಡ್ತೀರಿ?

ಮಿಲಿಮೀಟರ್ ಗೆರೆ ಇರುವ ಒಂದು ತೆಳ್ಳನೆ ಕಡ್ಡಿ ಇರುತ್ತದೆ, ತುದಿ ಮೊಂಡು. ಅದನ್ನು ಹಲ್ಲಿಗೆ ಒರಗಿಸಿ, ಹಲ್ಲು ಮತ್ತು ವಸಡಿನ ಸಂದಿನಲ್ಲಿ ಮೆಲ್ಲಗೆ ಇಳಿಸುತ್ತೇವೆ. ಒಂದೊಂದು ಹಲ್ಲಿಗೂ ಆರು ಕಡೆ: ಹೊರಗೆ ಮೂರು, ಒಳಗೆ ಮೂರು. ಪಕ್ಕದಲ್ಲಿ ನಿಂತವರು ಅಂಕಿ ಬರೆದುಕೊಳ್ಳುತ್ತಾರೆ, ಎರಡು, ಮೂರು, ಎರಡು, ಮೂರು, ಆರು. ಮೂರರವರೆಗೆ ಚಿಂತೆ ಇಲ್ಲ. ನಾಲ್ಕು ದಾಟಿ ಐದು, ಆರು ಬಂದರೆ ಅಲ್ಲಿ ವಸಡು ಹಲ್ಲನ್ನು ಬಿಟ್ಟು ಒಂದು ಗುಳಿ ಆಗಿದೆ ಅಂತ. ಅದನ್ನೇ ಪಾಕೆಟ್ ಅನ್ನುವುದು. ಅದರ ತಳದಲ್ಲಿ ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತಾ ಇರುತ್ತದೆ, ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ. ನೋವು ಇರುವುದಿಲ್ಲ, ಅದೇ ಈ ಕಾಯಿಲೆಯ ದೊಡ್ಡ ತೊಂದರೆ.

ಇದು ಬ್ಯಾಕ್ಟೀರಿಯಾದ ಕಾಯಿಲೆ ತಾನೆ? ಕೊಬ್ಬಿನಾಮ್ಲದ ಮಾತು ಎಲ್ಲಿಂದ ಬಂತು?

ಶುರು ಮಾಡುವುದು ಬ್ಯಾಕ್ಟೀರಿಯಾ. ಮೂಳೆ ಕರಗಿಸುವುದು ಬಹುಮಟ್ಟಿಗೆ ನಮ್ಮದೇ ದೇಹ. ಇದು ಅರ್ಥವಾದರೆ ಉಳಿದಿದ್ದೆಲ್ಲ ಸುಲಭ.

ನಮ್ಮ ಪ್ರತಿ ಜೀವಕೋಶದ ಸುತ್ತ ಇರುವ ಪೊರೆ ಕೊಬ್ಬಿನಿಂದಾಗಿದ್ದು. ಆ ಕೊಬ್ಬನ್ನು ಕಟ್ಟಿರುವ ಇಟ್ಟಿಗೆಗಳೇ ಕೊಬ್ಬಿನಾಮ್ಲಗಳು; ಒಮೆಗಾ-3, ಒಮೆಗಾ-6 ಅವುಗಳಲ್ಲಿ ಎರಡು ಬಗೆ. ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಒಮೆಗಾ-6 ಕೊಬ್ಬಿನಾಮ್ಲ ಸೇರಿಕೊಂಡಿರುತ್ತದೆ. ಪಾರ್ಫಿರೊಮೊನಾಸ್ ಜಿಂಜಿವಾಲಿಸ್‌ನಂಥ ಬ್ಯಾಕ್ಟೀರಿಯಾ ವಸಡಿನಲ್ಲಿ ಕಾಟ ಕೊಟ್ಟಾಗ, ಒಂದು ಕಿಣ್ವ ಈ ಆಮ್ಲವನ್ನು ಪೊರೆಯಿಂದ ಬಿಡಿಸುತ್ತದೆ. ಆಮೇಲೆ ಅದಕ್ಕೆ ಎರಡು ದಾರಿ. ಕಾಕ್ಸ್ ಎಂಬ ಕಿಣ್ವದ ಕೈಗೆ ಸಿಕ್ಕರೆ ಪ್ರೊಸ್ಟಗ್ಲಾಂಡಿನ್ ಇ2 ಆಗುತ್ತದೆ. ಲೈಪಾಕ್ಸಿಜಿನೇಸ್ ಕೈಗೆ ಸಿಕ್ಕರೆ ಲ್ಯೂಕೋಟ್ರೈನ್ ಬಿ4 ಆಗುತ್ತದೆ. ಮೊದಲನೆಯದು ರಕ್ತನಾಳ ಹಿಗ್ಗಿಸಿ ವಸಡನ್ನು ಕೆಂಪು ಮಾಡುತ್ತದೆ, ಜೊತೆಗೆ ಮೂಳೆ ತಿನ್ನುವ ಕೋಶಗಳನ್ನು ಎಬ್ಬಿಸುತ್ತದೆ. ಎರಡನೆಯದು ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಅವು ಬಂದು ಬ್ಯಾಕ್ಟೀರಿಯಾ ಕೊಲ್ಲುತ್ತವೆ, ಸರಿ, ಆದರೆ ಅವು ಬಿಡುವ ಕಿಣ್ವಗಳಿಗೆ ಬ್ಯಾಕ್ಟೀರಿಯಾ ಯಾವುದು, ವಸಡಿನ ನಾರು ಯಾವುದು ಅಂತ ಗೊತ್ತಾಗುವುದಿಲ್ಲ, ಎರಡನ್ನೂ ಕತ್ತರಿಸುತ್ತವೆ.

ಈ ಪ್ರೊಸ್ಟಗ್ಲಾಂಡಿನ್‌ಗಳ ಬಗ್ಗೆ ಮಾಡಿದ ಕೆಲಸಕ್ಕೇ 1982ರಲ್ಲಿ ಬರ್ಗ್‌ಸ್ಟ್ರೋಮ್, ಸ್ಯಾಮುಯೆಲ್ಸನ್, ವೇನ್ ಈ ಮೂವರಿಗೆ ವೈದ್ಯಕೀಯ ನೊಬೆಲ್ ಬಂತು.

ನಮ್ಮ ತಾತ ಬ್ರಷ್ ಮುಟ್ಟಿದವರೇ ಅಲ್ಲ, ಹಲ್ಲು ಗಟ್ಟಿಯಾಗೇ ಇತ್ತು. ನನಗ್ಯಾಕೆ ಹೀಗೆ?

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಪಕ್ಕದ ಶ್ರೀಲಂಕಾದಿಂದ ಬಂದಿದೆ. ಅದೇ ಹರಾಲ್ಡ್ ಲೋ ತಂಡ ಅಲ್ಲಿನ ಚಹಾ ತೋಟದ ಕಾರ್ಮಿಕರನ್ನು 15 ವರ್ಷ ಗಮನಿಸಿ 1986ರಲ್ಲಿ ಬರೆಯಿತು. ಅವರಿಗೆ ಬ್ರಷ್‌ನ ಅಭ್ಯಾಸ ಇರಲಿಲ್ಲ, ಹಲ್ಲಿನ ಡಾಕ್ಟರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಕೊಳೆ, ಎಲ್ಲರಿಗೂ ವಸಡಿನ ಊತ. ಆದರೂ ಸುಮಾರು 8 ಶೇಕಡಾ ಜನರಲ್ಲಿ ಕಾಯಿಲೆ ಓಡಿತು, 81 ಶೇಕಡಾ ಜನರಲ್ಲಿ ನಿಧಾನವಾಗಿ ನಡೆಯಿತು, 11 ಶೇಕಡಾ ಜನರಲ್ಲಿ ಊತ ಬಿಟ್ಟು ಮುಂದೆ ಹೋಗಲೇ ಇಲ್ಲ. ಕೊಳೆ ಒಂದೇ, ದೇಹ ಅದಕ್ಕೆ ಉತ್ತರ ಕೊಡುವ ರೀತಿ ಬೇರೆ ಬೇರೆ. ನಿಮ್ಮ ತಾತ ಆ 11ರಲ್ಲಿ ಒಬ್ಬರಿರಬಹುದು. ನೀವೂ ಅದರಲ್ಲೇ ಇದ್ದೀರಿ ಅಂತ ನಂಬಿ ಕೂರಬೇಡಿ.

ಕಾಕ್ಸ್ ತಡೆಯೋದು ನೋವಿನ ಮಾತ್ರೆ ಅಲ್ವಾ? ಅದನ್ನೇ ದಿನಾ ನುಂಗಿದರೆ ಮೂಳೆ ಉಳಿಯುತ್ತಲ್ಲ?

ಯೋಚನೆ ಸರಿಯಾಗಿದೆ. ಇದನ್ನು ನಿಜವಾಗಿಯೂ ಮಾಡಿ ನೋಡಿದ್ದಾರೆ. 1980ರ ದಶಕದ ಕೊನೆಯಲ್ಲಿ ಫ್ಲರ್ಬಿಪ್ರೊಫೇನ್ ಎಂಬ ನೋವಿನ ಮಾತ್ರೆ ಕೊಟ್ಟಾಗ ವಸಡಿನ ಕಾಯಿಲೆ ಇದ್ದವರಲ್ಲಿ ಮೂಳೆ ಕರಗುವ ವೇಗ ಕಡಿಮೆಯಾಯಿತು. ಆದರೆ ವರ್ಷಗಟ್ಟಲೆ ಇಂಥ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಹೃದಯಕ್ಕೂ ಅಪಾಯ. ವಸಡಿಗೆ ಅಂತ ಯಾರೂ ಇದನ್ನು ದಿನಾ ಬರೆದುಕೊಡುವುದಿಲ್ಲ. ನೀವೂ ಮೆಡಿಕಲ್ ಸ್ಟೋರಿನಿಂದ ತಂದು ನುಂಗಬೇಡಿ, ದಯವಿಟ್ಟು.

ಒಮೆಗಾ-3 ಇಲ್ಲಿ ಏನು ಮಾಡುತ್ತೆ?

ಎರಡು ಕೆಲಸ. ಮೊದಲನೆಯದು: ಮೀನಿನಲ್ಲಿ ಸಿಗುವ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು ಜೀವಕೋಶದ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲದ ಜಾಗದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂರುತ್ತವೆ. ಆಗ ಕಿಣ್ವಗಳಿಗೆ ಸಿಗುವ ಸರಕೇ ಬದಲಾಗುತ್ತದೆ, ತಯಾರಾಗುವ ಪ್ರೊಸ್ಟಗ್ಲಾಂಡಿನ್ ಮತ್ತು ಲ್ಯೂಕೋಟ್ರೈನ್‌ಗಳ ಜೋರು ಕಡಿಮೆ ಇರುತ್ತದೆ.

ಎರಡನೆಯದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಉರಿಯೂತ ತಾನಾಗೇ ಆರಿಹೋಗುತ್ತದೆ ಅಂತ ಹಿಂದೆ ಅಂದುಕೊಂಡಿದ್ದರು. ಹಾಗಲ್ಲ, ಅದನ್ನು ಮುಗಿಸುವುದೂ ದೇಹ ಕೈ ಹಾಕಿ ಮಾಡಬೇಕಾದ ಕೆಲಸ. ಗಣೇಶನ ಹಬ್ಬಕ್ಕೆ ರಸ್ತೆಯಲ್ಲಿ ಹಾಕಿದ ಪೆಂಡಾಲನ್ನು ಆಮೇಲೆ ಯಾರಾದರೂ ನಿಂತು ಬಿಚ್ಚಿಸಲೇಬೇಕಲ್ಲ, ಬಿಚ್ಚದಿದ್ದರೆ ರಸ್ತೆ ಮುಚ್ಚಿಯೇ ಇರುತ್ತದೆ. ದೇಹದಲ್ಲಿ ಆ ಬಿಚ್ಚಿಸುವ ಕೆಲಸಕ್ಕೆ ಇಪಿಎ ಮತ್ತು ಡಿಎಚ್‌ಎಯಿಂದ ತಯಾರಾಗುವ ರಿಸಾಲ್ವಿನ್‌ಗಳಿವೆ. ಇವನ್ನು ಅಮೆರಿಕದ ಚಾರ್ಲ್ಸ್ ಸರ್ಹಾನ್ ಮತ್ತು ಅವರ ತಂಡ 2000ದ ಆಸುಪಾಸಿನಲ್ಲಿ ಗುರುತಿಸಿತು. ರಿಸಾಲ್ವಿನ್ ಹೊಸ ಬಿಳಿ ರಕ್ತಕಣಗಳು ಬರುವುದನ್ನು ನಿಲ್ಲಿಸುತ್ತದೆ, ಸತ್ತ ಕೋಶಗಳನ್ನು ಗುಡಿಸಿ ಹಾಕುವ ಕೋಶಗಳನ್ನು ಕರೆಸುತ್ತದೆ.

ಅರಾಕಿಡೋನಿಕ್ ಆಮ್ಲವನ್ನು ವಿಲನ್ ಮಾಡಬೇಡಿ. ಉರಿಯೂತ ಒಂದು ಹಂತ ದಾಟಿದ ಮೇಲೆ ಅದರಿಂದಲೇ ಲೈಪಾಕ್ಸಿನ್ ಎಂಬ ತಣ್ಣಗೆ ಮಾಡುವ ವಸ್ತು ಕೂಡ ತಯಾರಾಗುತ್ತದೆ.

ರಿಸಾಲ್ವಿನ್ ವಸಡಿಗೆ ಹಚ್ಚಿ ನೋಡಿದ್ದಾರಾ?

ಮೊಲಗಳಲ್ಲಿ ನೋಡಿದ್ದಾರೆ. ಬಾಸ್ಟನ್‌ನಲ್ಲಿ ಥಾಮಸ್ ವ್ಯಾನ್ ಡೈಕ್, ಹತಿಜೆ ಹಸ್ತುರ್ಕ್ ಅವರ ತಂಡ ಮೊಲಗಳಿಗೆ ವಸಡಿನ ಕಾಯಿಲೆ ಬರಿಸಿ, ರಿಸಾಲ್ವಿನ್ ಇ1 ಅನ್ನು ಆ ಜಾಗಕ್ಕೇ ಹಚ್ಚಿತು. ಉರಿಯೂತ ಇಳಿದಿದ್ದಷ್ಟೇ ಅಲ್ಲ, ಹೋದ ಮೂಳೆಯೂ ವಾಪಸ್ ಬಂತು ಅಂತ 2007ರಲ್ಲಿ ಬರೆದರು. ನಮ್ಮ ಕೆಲಸದಲ್ಲಿ ಹೋದ ಮೂಳೆ ವಾಪಸ್ ಬರುವುದು ಎಷ್ಟು ಕಷ್ಟ ಅಂತ ಗೊತ್ತಿದ್ದವರಿಗೆ ಇದು ಎಂಥ ಸುದ್ದಿ ಅಂತ ಅರ್ಥವಾಗುತ್ತದೆ. ಅದೇ ವರ್ಷ ಅಲ್ಲಿಂದಲೇ ಇನ್ನೊಂದು ವರದಿ ಬಂತು. 1-ಟೆಟ್ರಾಡೆಕನಾಲ್ ಕಾಂಪ್ಲೆಕ್ಸ್ ಎಂಬ ಕೊಬ್ಬಿನಾಮ್ಲದ ಮಿಶ್ರಣವನ್ನು ಮೊಲದ ವಸಡಿಗೆ ಹಚ್ಚಿದಾಗ ಕಾಯಿಲೆ ಮುಂದುವರಿಯುವುದು ಕಡಿಮೆಯಾಯಿತು ಅಂತ.

ಆದರೆ ಮೊಲ ಮೊಲವೇ. ಇವುಗಳ ಹೆಸರು ಹೇಳಿ ಯಾರಾದರೂ ಜೆಲ್ ಮಾರಲು ಬಂದರೆ, ಮನುಷ್ಯರಲ್ಲಿ ಏನಾಯಿತು ಅಂತ ಮೊದಲು ಕೇಳಿ.

ಮನುಷ್ಯರಲ್ಲಿ ಏನಾಗಿದೆ?

2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಸಡಿನ ಕಾಯಿಲೆಯಿದ್ದ 80 ಜನರಿಗೆ ಆಳದ ಕ್ಲೀನಿಂಗ್ ಮಾಡಿದರು, ಅಂದರೆ ವಸಡಿನ ಕೆಳಗೆ ಗಟ್ಟಿಯಾಗಿ ಕೂತ ಕೊಳೆಯನ್ನು ಕೆರೆದು ತೆಗೆದರು. ಅರ್ಧ ಜನರಿಗೆ ಅದರ ಜೊತೆ ದಿನಕ್ಕೆ 900 ಮಿಲಿಗ್ರಾಂ ಒಮೆಗಾ-3 ಮತ್ತು 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ಆರು ತಿಂಗಳ ಮೇಲೆ ಅಳೆದಾಗ ಆ ಗುಂಪಿನವರ ಪಾಕೆಟ್ ಆಳ ಉಳಿದವರಿಗಿಂತ ಹೆಚ್ಚು ತಗ್ಗಿತ್ತು. ಆಮೇಲೆ ಬಂದ ಸಣ್ಣ ಸಣ್ಣ ಪ್ರಯೋಗಗಳಲ್ಲೂ ಲಾಭ ಕಂಡಿದೆ, ಆದರೆ ಅದು ದೊಡ್ಡದಲ್ಲ, ಬಹಳ ಸಲ ಮಿಲಿಮೀಟರಿನೊಳಗಿನ ಮಾತು.

ಇನ್ನೊಂದು ಮಾತು ಮುಚ್ಚಿಡಬಾರದು. ಯುರೋಪಿನ ವಸಡು ತಜ್ಞರ ಒಕ್ಕೂಟ 2020ರಲ್ಲಿ ತಂದ ಮಾರ್ಗಸೂಚಿಯಲ್ಲಿ ಕ್ಲೀನಿಂಗ್ ಜೊತೆ ಒಮೆಗಾ-3 ಮಾತ್ರೆ ಕೊಡುವುದನ್ನು ಶಿಫಾರಸು ಮಾಡಿಲ್ಲ, ಬೇಡ ಅಂತಲೇ ಹೇಳಿದೆ. ಪುರಾವೆ ಅಷ್ಟು ಗಟ್ಟಿ ಇಲ್ಲ ಅನ್ನುವುದು ಅವರ ವಾದ. ನಾನು ಅದನ್ನು ಒಪ್ಪುತ್ತೇನೆ. ಊಟದಲ್ಲಿ ಒಮೆಗಾ-3 ಇರಲಿ, ಅದಕ್ಕೆ ವಸಡು ಬಿಟ್ಟು ಬೇರೆ ಕಾರಣಗಳೂ ಇವೆ. ಕ್ಯಾಪ್ಸೂಲನ್ನು ವಸಡಿನ ಔಷಧಿ ಅಂತ ಬರೆಯುವಷ್ಟು ಧೈರ್ಯ ನನಗಿಲ್ಲ. ಕ್ಲೀನಿಂಗ್ ಬದಲಿಗೆ ಅಂತೂ ಖಂಡಿತ ಅಲ್ಲ.

ಆ 81 ಮಿಲಿಗ್ರಾಂ ಆಸ್ಪಿರಿನ್ ನಾನೂ ತಗೋಬಹುದಾ?

ಬೇಡ. ಹೃದಯದ ಡಾಕ್ಟರ್ ಹೇಳಿ ತಗೊಳ್ಳುತ್ತಿದ್ದರೆ ಅದು ಬೇರೆ ಮಾತು, ಅದನ್ನು ನಿಮ್ಮಷ್ಟಕ್ಕೆ ನಿಲ್ಲಿಸಲೂ ಬೇಡಿ. ನಮ್ಮ ಊರಿನಲ್ಲಿ ಇನ್ನೊಂದು ಕಾರಣ ಇದೆ. ಮಳೆಗಾಲ ಬಂತೆಂದರೆ ಬೆಂಗಳೂರಿನಲ್ಲಿ ಡೆಂಗಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಅದರ ಮೇಲೆ ಆಸ್ಪಿರಿನ್ ಬಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರ ಬಂದಾಗ ವಸಡಿನಿಂದ ರಕ್ತ ತಾನಾಗೇ ಒಸರಿದರೆ ಹಲ್ಲಿನ ಡಾಕ್ಟರ ಹತ್ತಿರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಮೀನೆಣ್ಣೆ ಕ್ಯಾಪ್ಸೂಲ್ ಈಗಾಗಲೇ ತಂದಿದ್ದೇನೆ. 1000 ಮಿಲಿಗ್ರಾಂ ಇದೆ, ಸಾಕಾ?

ಡಬ್ಬಿ ಹಿಂದೆ ತಿರುಗಿಸಿ. ಮುಂದೆ ದೊಡ್ಡದಾಗಿ ಬರೆದ 1000 ಅಂದರೆ ಒಟ್ಟು ಮೀನೆಣ್ಣೆಯ ತೂಕ. ಹಿಂದಿನ ಸಣ್ಣ ಅಕ್ಷರದಲ್ಲಿ ಬಹಳ ಬ್ರ್ಯಾಂಡ್‌ಗಳಲ್ಲಿ ಇಪಿಎ 180, ಡಿಎಚ್‌ಎ 120 ಅಂತ ಇರುತ್ತದೆ. ಅಂದರೆ ನಿಮಗೆ ಬೇಕಾದ ಒಮೆಗಾ-3 ಅದರಲ್ಲಿ ಇರುವುದು 300 ಮಿಲಿಗ್ರಾಂ ಮಾತ್ರ. ಮೇಲಿನ ಪ್ರಯೋಗದ 900 ಮುಟ್ಟಲು ದಿನಕ್ಕೆ ಮೂರು ಬೇಕು. ಈ ಲೆಕ್ಕ ಹಾಕದೆ ದುಡ್ಡು ಕೊಡುವವರೇ ಜಾಸ್ತಿ. ಕ್ಯಾಪ್ಸೂಲ್ ಕತ್ತರಿಸಿದಾಗ ಕೊಳೆತ ವಾಸನೆ ಬಂದರೆ ಎಣ್ಣೆ ಕೆಟ್ಟಿದೆ, ಬಿಸಾಕಿ.

ದಿನಕ್ಕೆ ನಾಲ್ಕು ಗ್ರಾಂನಂಥ ದೊಡ್ಡ ಪ್ರಮಾಣದಲ್ಲಿ ಹೃದಯದ ಬಡಿತ ಏರುಪೇರಾಗುವ ಸಾಧ್ಯತೆ ಹೆಚ್ಚುತ್ತದೆ ಅಂತ ಕಂಡಿದೆ. ಆದ್ದರಿಂದ ಜಾಸ್ತಿ ನುಂಗಿದರೆ ಜಾಸ್ತಿ ಒಳ್ಳೆಯದು ಅಂತೇನಿಲ್ಲ. ಹಲ್ಲು ಕೀಳಿಸುವ ಮುಂಚೆ ಇಂಥ ಯಾವುದೇ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ.

ನಾವು ಸಸ್ಯಾಹಾರಿಗಳು. ಅಗಸೆ ಬೀಜ ತಿಂದರೆ ಆಗುತ್ತಾ?

ಸ್ವಲ್ಪ ಆಗುತ್ತದೆ. ಅಗಸೆಯಲ್ಲಿರುವುದು ಎಎಲ್‌ಎ ಎಂಬ ಒಮೆಗಾ-3. ದೇಹ ಅದನ್ನು ಇಪಿಎ ಮಾಡಿಕೊಳ್ಳಬೇಕು, ಆ ಬದಲಾವಣೆ ನೂರಕ್ಕೆ ಹತ್ತರಷ್ಟೂ ಕಷ್ಟ. ಡಿಎಚ್‌ಎ ಆಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಹಾಗಂತ ಬಿಡಬೇಡಿ, ಎಎಲ್‌ಎ ದೇಹ ತಾನಾಗಿ ತಯಾರಿಸಲಾಗದ ಕೊಬ್ಬಿನಾಮ್ಲ, ಊಟದಿಂದಲೇ ಬರಬೇಕು. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಇರುತ್ತದೆ.

ಪುಡಿ ಅಂದೆ, ಗಮನಿಸಿ. ಇಡೀ ಬೀಜ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಇದಕ್ಕೆ ಉತ್ತರ ಕರ್ನಾಟಕದವರ ಅಗಸೆ ಚಟ್ನಿಪುಡಿಗಿಂತ ಒಳ್ಳೆಯ ದಾರಿ ಇಲ್ಲ. ಬೀಜ ಚಟಚಟ ಅನ್ನುವಷ್ಟು ಮಾತ್ರ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಹಾಕಿ ತರಿತರಿಯಾಗಿ ಕುಟ್ಟಿದರೆ ಆಯಿತು. ರೊಟ್ಟಿಗೂ ಸರಿ, ಬಿಸಿ ಅನ್ನಕ್ಕೂ ಸರಿ. ಬೆಂಗಳೂರಿನ ಜೋಳದ ರೊಟ್ಟಿ ಖಾನಾವಳಿಗಳಲ್ಲಿ ತಟ್ಟೆಯ ಅಂಚಿಗೆ ಬಡಿಸುತ್ತಾರಲ್ಲ, ಅದನ್ನು ಬಿಟ್ಟು ಏಳಬೇಡಿ. ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ, ಪುಡಿ ಮಾಡಿಟ್ಟ ಅಗಸೆ ಬೇಗ ಕಮಟುತ್ತದೆ.

ನೇರವಾಗಿ ಡಿಎಚ್‌ಎ ಬೇಕೇ ಬೇಕು ಅನ್ನುವವರಿಗೆ ಪಾಚಿಯಿಂದ ತೆಗೆದ ಎಣ್ಣೆಯ ಕ್ಯಾಪ್ಸೂಲ್ ಸಿಗುತ್ತದೆ. ಮೀನಿಗೂ ಅದು ಬರುವುದು ಪಾಚಿಯಿಂದಲೇ. ಹೊರಗಿನ ಕವಚ ಜಿಲೆಟಿನ್ ಆಗಿರಬಹುದು, ಹಸಿರು ಗುರುತು ನೋಡಿ ತಗೊಳ್ಳಿ.

ಹುಚ್ಚೆಳ್ಳು ಪುಡಿಯೂ ಹಾಗೇನಾ?

ರುಚಿಗೆ ತಿನ್ನಿ. ಅದರಲ್ಲಿರುವುದು ಬಹುಪಾಲು ಒಮೆಗಾ-6, ಅಗಸೆಯ ಬದಲಿಗೆ ಬರುವುದಿಲ್ಲ.

ಸೂರ್ಯಕಾಂತಿ ಎಣ್ಣೆ ಒಮೆಗಾ-6 ಅಂತಾರೆ. ವಸಡಿಗೋಸ್ಕರ ಎಣ್ಣೆ ಬದಲಾಯಿಸಬೇಕಾ?

ಹೆದರುವ ಅಗತ್ಯ ಇಲ್ಲ. ಸೂರ್ಯಕಾಂತಿಯಲ್ಲಿ ಲಿನೋಲಿಕ್ ಆಮ್ಲ ಎಂಬ ಒಮೆಗಾ-6 ಜಾಸ್ತಿ, ನಿಜ. ಅದರಿಂದ ಅರಾಕಿಡೋನಿಕ್ ಆಮ್ಲ ತಯಾರಾಗುತ್ತದೆ, ಅದೂ ನಿಜ. ಆದರೆ ಊಟದಲ್ಲಿ ಲಿನೋಲಿಕ್ ಹೆಚ್ಚಿಸಿ ರಕ್ತ ಪರೀಕ್ಷೆ ಮಾಡಿದವರಿಗೆ ಉರಿಯೂತ ಏರಿದ್ದು ಕಂಡಿಲ್ಲ. ನಮ್ಮ ಕಡೆ ಕೊರತೆ ಇರುವುದು ಒಮೆಗಾ-3ರದ್ದು. ಇರುವ ಎಣ್ಣೆಯನ್ನು ಬಯ್ಯುವುದಕ್ಕಿಂತ ಇಲ್ಲದ್ದನ್ನು ತಟ್ಟೆಗೆ ತನ್ನಿ. ಕಡಲೆಕಾಯಿ ಎಣ್ಣೆ ಬಳಸುವವರು ಅದನ್ನೇ ಬಳಸಿ.

ಮೀನು ತಿನ್ನುವವರು ಯಾವುದು ತಗೊಳ್ಳಬೇಕು?

ಬೂತಾಯಿ, ಬಂಗುಡೆ. ದುಬಾರಿ ಅಂಜಲ್ ಬೇಕಿಲ್ಲ. ರಸೆಲ್ ಮಾರ್ಕೆಟ್‌ನಲ್ಲೂ ಸಿಗುತ್ತದೆ, ನಿಮ್ಮ ಏರಿಯಾದ ಮೀನಂಗಡಿಯಲ್ಲೂ ಸಿಗುತ್ತದೆ. ವಾರಕ್ಕೆ ಎರಡು ಸಲ ಸಾಕು. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದಕ್ಕಿಂತ ಪುಳಿಮುಂಚಿ ಅಥವಾ ಸಾರು ಮಾಡಿದರೆ ಒಳ್ಳೆಯದು.

ಆಯಿಲ್ ಪುಲ್ಲಿಂಗ್?

ಕೊಬ್ಬರಿ ಎಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಪ್ರಯೋಗಾಲಯದಲ್ಲಿ ಅದು ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಬಾಯಿ ಮುಕ್ಕಳಿಸಿದವರಲ್ಲಿ ಕೊಳೆ ಸ್ವಲ್ಪ ಕಡಿಮೆಯಾದದ್ದನ್ನು ಸಣ್ಣ ಅಧ್ಯಯನಗಳು ತೋರಿಸಿವೆ. ಆದರೆ ಎಣ್ಣೆ ಐದಾರು ಮಿಲಿಮೀಟರ್ ಪಾಕೆಟ್‌ನ ತಳಕ್ಕೆ ಇಳಿಯುವುದಿಲ್ಲ, ಅಲ್ಲಿ ಕಲ್ಲಿನಂತೆ ಗಟ್ಟಿಯಾದ ಕಿಟ್ಟವನ್ನು ಕರಗಿಸುವುದೂ ಇಲ್ಲ. ಬ್ರಷ್ ಮಾಡಿ, ಆಮೇಲೆ ಇಷ್ಟವಿದ್ದರೆ ಇದನ್ನೂ ಮಾಡಿ. ನುಂಗಬೇಡಿ, ಸಿಂಕ್‌ಗೂ ಉಗುಳಬೇಡಿ. ಮಕ್ಕಳಿಗೆ ಮತ್ತು ನುಂಗಲು ಕಷ್ಟಪಡುವ ವಯಸ್ಸಾದವರಿಗೆ ಬೇಡವೇ ಬೇಡ, ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಒಂದು ಬಗೆಯ ನ್ಯುಮೋನಿಯಾ ಬರಬಹುದು.

ಬಾಯಿ ವಾಸನೆಗೂ ಕೊಬ್ಬಿನಾಮ್ಲಕ್ಕೂ ಸಂಬಂಧ ಇದೆಯಾ?

ಇದೆ. ಬ್ಯೂಟಿರಿಕ್ ಆಮ್ಲ ಅಂತ ಒಂದು ಪುಟ್ಟ ಕೊಬ್ಬಿನಾಮ್ಲ ಇದೆ. ಕರುಳಿನಲ್ಲಿ ನಾರಿನಂಶ ತಿಂದು ಬ್ಯಾಕ್ಟೀರಿಯಾ ಇದನ್ನು ತಯಾರಿಸಿದಾಗ ಕರುಳಿನ ಗೋಡೆಗೆ ಅದೇ ಆಹಾರ, ಬಹಳ ಒಳ್ಳೆಯದು. ಅದನ್ನೇ ಪಾಕೆಟ್‌ನೊಳಗಿನ ಬ್ಯಾಕ್ಟೀರಿಯಾ ತಯಾರಿಸಿದಾಗ ವಸಡಿನ ಕೋಶಗಳಿಗೆ ವಿಷ. ಕಾಯಿಲೆ ಜೋರಿದ್ದ ಜಾಗದ ದ್ರವದಲ್ಲಿ ಇದು ಹೆಚ್ಚು ಸಿಗುತ್ತದೆ. ಇದಕ್ಕೂ ನಾತ ಇದೆ, ಆದರೆ ಬಾಯಿ ವಾಸನೆಯಲ್ಲಿ ದೊಡ್ಡ ಪಾಲು ಗಂಧಕದ ಅನಿಲಗಳದ್ದು. ಎರಡೂ ಬರುವುದು ಅದೇ ಪಾಕೆಟ್‌ನಿಂದ ಮತ್ತು ನಾಲಿಗೆಯ ಹಿಂಭಾಗದಿಂದ. ಏಲಕ್ಕಿ ಅಗಿದರೆ ವಾಸನೆ ಸ್ವಲ್ಪ ಹೊತ್ತು ಮುಚ್ಚುತ್ತದೆ, ಅಷ್ಟೇ.

ನನಗೆ ಶುಗರ್ ಇದೆ.

ಹಾಗಾದರೆ ಈ ಪುಟದಲ್ಲಿ ನಿಮಗೆ ಅತಿ ಮುಖ್ಯವಾದದ್ದು ಕ್ಲೀನಿಂಗ್. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ಉರಿಯೂತ ಆರುವುದಿಲ್ಲ, ವಸಡಿನ ಉರಿಯೂತ ಇದ್ದರೆ ಶುಗರ್ ಹತೋಟಿಗೆ ಬರುವುದೂ ಕಷ್ಟ. ವಸಡಿಗೆ ಸರಿಯಾಗಿ ಚಿಕಿತ್ಸೆ ಮಾಡಿದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಶುಗರ್ ಹೇಗಿತ್ತು ಅಂತ ಹೇಳುವ ರಕ್ತ ಪರೀಕ್ಷೆಯ ಅಂಕಿ) ಸರಾಸರಿ 0.3ರಿಂದ 0.4ರಷ್ಟು ಇಳಿದಿದ್ದು ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ. ಯಾವ ಕ್ಯಾಪ್ಸೂಲೂ ವಸಡಿನ ದಾರಿಯಲ್ಲಿ ಇಷ್ಟು ಕೊಟ್ಟಿಲ್ಲ.

ನಮ್ಮ ಲೇಔಟ್‌ನಲ್ಲಿ ಬೋರ್‌ವೆಲ್ ನೀರು. ಕಿಟ್ಟ ಅದರಿಂದ ಕಟ್ಟೋದಲ್ವಾ?

ಅಲ್ಲ. ಕಿಟ್ಟ ಗಟ್ಟಿಯಾಗುವುದು ಎಂಜಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ನಿಂದ. ಅದಕ್ಕೇ ಎಂಜಲು ಒಸರುವ ಜಾಗದ ಎದುರು, ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ, ಮೊದಲು ಕಟ್ಟುತ್ತದೆ. ಕಾವೇರಿ ನೀರು ಕುಡಿಯುವವರಿಗೂ ಕಟ್ಟುತ್ತದೆ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತಂತೆ?

ಅಲ್ಲಾಡುವ ಹಲ್ಲನ್ನು ಆ ಕಿಟ್ಟವೇ ಅಂಟಿನಂತೆ ಹಿಡಿದಿರುತ್ತದೆ, ತೆಗೆದಾಗ ಇದ್ದ ಸಡಿಲ ಗೊತ್ತಾಗುತ್ತದೆ. ಸಂದು ಕಾಣುವುದು, ತಣ್ಣೀರು ಜುಂ ಅನ್ನುವುದು ಕೂಡ ಊತ ಇಳಿದಿದ್ದರಿಂದ. ಕೆಲವು ವಾರದಲ್ಲಿ ಜುಂ ಅನ್ನುವುದು ಕಡಿಮೆಯಾಗುತ್ತದೆ, ವಸಡು ಬಿಗಿಯಾಗುತ್ತದೆ. ಖರ್ಚಿನ ಯೋಚನೆ ಇದ್ದರೆ ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಊರಿನ ಬೇರೆ ದಂತ ಕಾಲೇಜುಗಳಲ್ಲೂ ಕ್ಲಿನಿಕ್‌ಗಿಂತ ಕಡಿಮೆಗೆ ಆಗುತ್ತದೆ. ಹೊತ್ತು ಹಿಡಿಯುತ್ತದೆ, ವಿದ್ಯಾರ್ಥಿಗಳು ಮಾಡುತ್ತಾರೆ, ಆದರೆ ಮೇಲೆ ಮೇಷ್ಟರು ನೋಡುತ್ತಿರುತ್ತಾರೆ.

ಎಲ್ಲ ಮಾಡಿದರೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ?

ರಕ್ತ ಬರುವುದು ಒಂದೆರಡು ವಾರದಲ್ಲಿ ಕಡಿಮೆಯಾಗಬೇಕು. ಪಾಕೆಟ್ ಅನ್ನು ಆರು ವಾರಕ್ಕಿಂತ ಮುಂಚೆ ಅಳೆಯುವುದಿಲ್ಲ, ಸಾಮಾನ್ಯವಾಗಿ ಮೂರು ತಿಂಗಳಿಗೆ ಕಡ್ಡಿ ಇಳಿಸಿ ಹಳೆಯ ಅಂಕಿಯ ಪಕ್ಕ ಹೊಸದನ್ನು ಬರೆಯುತ್ತೇವೆ. ಊಟದಲ್ಲಿ ಮಾಡಿದ ಬದಲಾವಣೆ ಇನ್ನೂ ನಿಧಾನ: ಕೆಂಪು ರಕ್ತಕಣವೊಂದು ಸುಮಾರು 120 ದಿನ ಬದುಕುತ್ತದೆ, ಅದರ ಪೊರೆಯಲ್ಲಿ ಒಮೆಗಾ-3 ಪೂರ್ತಿ ಏರಲು ಅಷ್ಟು ಕಾಲ ಬೇಕು. ಹದಿನೈದು ದಿನ ಅಗಸೆ ತಿಂದು ಏನೂ ಆಗಲಿಲ್ಲ ಅಂತ ಬಿಡಬೇಡಿ. ಮೂರು ತಿಂಗಳಾದ ಮೇಲೂ ಆರಿದ್ದ ಅಂಕಿ ಆರೇ ಇದ್ದರೆ ವಸಡು ತಜ್ಞರಿಗೆ ತೋರಿಸಿ, ಆ ಜಾಗವನ್ನು ತೆರೆದು ಕ್ಲೀನ್ ಮಾಡಬೇಕಾ ಅಂತ ಅವರು ನೋಡಿ ಹೇಳುತ್ತಾರೆ.